ದೊಡ್ಡಮ್ಮನ ಎದೆನೋವಿಗೆ ನಾನು ದಲ್ಲಾಳಿಯಾದದ್ದು

ರೇಷ್ಮೆ ಗೂಡಿನ ದಲ್ಲಾಳಿ ಮೊದಲು ಕಲಿಯಬೇಕಾದ ವಿದ್ಯೆ ಮಾತಾಡುವುದಲ್ಲ, ಮಾಲು ತಂದವರ ಬಾಯಿ ಮುಚ್ಚಿಸುವುದು. ರೇಷ್ಮೆ ಬೆಳೆಯುವವರು ಎಷ್ಟೇ ಜಾಣರಾಗಿರಲಿ, ಗೂಡು ಕೊಳ್ಳುವವನ ಎದುರು ಬಾಯಿ ಬಿಟ್ಟರೆ ಕೆಟ್ಟರು. "ಕೊನೇ ದಿವಸ ಸೊಪ್ಪು ವಸಿ ಸಾಲ್ದೇ ಬಂತು ಸಾಬ್ರೇ" ಅಂತ ಪಾಪ, ನಿಜ ಹೇಳಿಬಿಡುತ್ತಾರೆ. ಅಲ್ಲಿಗೆ ಬೆಲೆ ಬಿತ್ತು. ಅದಕ್ಕೇ ಬುಟ್ಟಿ ಇಳಿಸುವ ಮೊದಲೇ ನಾನು ಹೇಳುತ್ತಿದ್ದೆ: "ನೀವು ಎಲೆ ಅಡಿಕೆ ಬಾಯಿ ತುಂಬ ಹಾಕ್ಕೊಂಡು ಸುಮ್ನೆ ಕೂತ್ಕೊಳ್ಳಿ. ಮಾತು ನಂದು."

ಸ್ಕೂಲನ್ನು ನಾನು ಬೇಗನೆ ಬಿಟ್ಟವನು. ಆದರೆ ಶಿಡ್ಲಘಟ್ಟದ ಗೂಡಿನ ಪೇಟೆಯಲ್ಲಿ ನನ್ನ ಕೈ ಹಿಡಿದು ನನ್ನನ್ನು ಬಗ್ಗಿಸಿದವರು ಯಾರೂ ಇರಲಿಲ್ಲ. ಕೈ ಹಿಡಿದು ಅಂದರೆ ನಿಜವಾಗಿಯೂ ಕೈ ಹಿಡಿದೇ. ಆಗಿನ ವ್ಯಾಪಾರವೆಲ್ಲ ಟವಲಿನ ಕೆಳಗೆ. ನನ್ನ ಕೈ, ಕೊಳ್ಳುವವನ ಕೈ, ಎರಡರ ಮೇಲೂ ಒಂದು ಟವಲು. ಒಳಗೆ ಬೆರಳು ಒತ್ತಿ, ಮಡಿಸಿ, ಬಿಡಿಸಿ ಬೆಲೆ ಕಟ್ಟುವುದು. ಹೊರಗೆ ಇಬ್ಬರೂ ಇವತ್ತು ಮಳೆ ಬಂದೀತೋ ಇಲ್ಲವೋ ಅಂತ ಆಕಾಶ ನೋಡುವುದು. ಪಕ್ಕದಲ್ಲೇ ಕೂತ ಮಾಲಿನವರಿಗೂ ಬೆಲೆ ಗೊತ್ತಾಗುತ್ತಿದ್ದದ್ದು ಟವಲು ತೆಗೆದ ಮೇಲೆಯೇ.

ಇನ್ನೊಂದು ಮಾತು. ಗೂಡು ಬಿಡಿಸಿ ದಿನ ಕಳೆದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹಾರಿಹೋಗುತ್ತದೆ. ಹಳೇ ಮಾಲಿಗೆ ಕಾಸಿನ ಬೆಲೆಯಿಲ್ಲ. ಹಾಗಾಗಿ "ಯಾವಾಗಿಂದು?" ಅಂತ ಯಾರೇ ಕೇಳಲಿ, ನನ್ನ ಬಾಯಿಂದ ತಾನಾಗಿ ಬರುತ್ತಿದ್ದ ಉತ್ತರ ಒಂದೇ: "ಮೊನ್ನೆದು." ಈ "ಮೊನ್ನೆದು" ಮುಂದೆ ಏನು ಮಾಡಿತು ಅನ್ನುವುದೇ ಈ ಕಥೆ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನನ್ನ ದೊಡ್ಡಮ್ಮ ಇದ್ದಳು. ಗಂಡ ತೀರಿಕೊಂಡಿದ್ದ, ಮಗ ಗೌರಿಬಿದನೂರಿನಲ್ಲಿ ಮೇಷ್ಟ್ರು. ಸೊಸೆಯನ್ನು ಜೊತೆಗಿಟ್ಟುಕೊಂಡು ಹುಳು ಸಾಕುತ್ತಿದ್ದಳು. ಅವಳ ಗೂಡು ಅಂದರೆ ಪೇಟೆಯಲ್ಲಿ ಸಾಹೇಬರುಗಳು ದೂರದಿಂದಲೇ ಟವಲು ಬಿಚ್ಚಿಕೊಂಡು ಬರುತ್ತಿದ್ದರು. ಅಂಥ ಮಾಲು ತರುವವನು ನಾನು ಅನ್ನುವ ಹೆಮ್ಮೆ ನನಗೂ ಇತ್ತು.

ಆ ವರ್ಷ ಗೌರಿ ಹಬ್ಬಕ್ಕೆ ಮುಂಚಿನ ಬೆಳೆ. ಹುಳು ಹೇಗಿದೆ ನೋಡೋಣ ಅಂತ ಹೋದೆ. ದೊಡ್ಡಮ್ಮ ಸೊಪ್ಪಿನ ಕುಕ್ಕೆ ಹೊತ್ತು ತೋಟದ ಏರು ಹತ್ತಿ ಬರುತ್ತಿದ್ದಳು. ಬಂದವಳು ಬೇವಿನ ಮರದ ಹತ್ತಿರ ನಿಂತುಬಿಟ್ಟಳು. ಕುಕ್ಕೆ ಇಳಿಸಿ, ಮರಕ್ಕೆ ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ದವಡೆ ಹಿಡಿದುಕೊಂಡಳು. ಬಿಸಿಲಿರಲಿಲ್ಲ, ಮುಖದ ಮೇಲೆ ಬೆವರು.

"ಯಾಕೆ ದೊಡ್ಡಮ್ಮ, ಹಲ್ಲು ನೋವಾ?"

"ಹಲ್ಲೆಲ್ಲಿ ಉಳಿದವೆಯೋ ನೋಯಕ್ಕೆ?" ಅಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ, "ಎದೆ ಮೇಲೆ ಒರಳುಕಲ್ಲು ಇಟ್ಟಂಗೆ ಆಗ್ತದೆ ಕಣೋ. ಅಲ್ಲಿಂದ ಈ ದವಡೆಗೆ ಬತ್ತದೆ, ಎಡಗೈಗೆ ಇಳೀತದೆ. ನಿಂತ್ಕೊಂಡ್ರೆ ಹೋಗ್ತದೆ. ಮತ್ತೆ ಕುಕ್ಕೆ ಹೊತ್ರೆ ಮತ್ತೆ ಬತ್ತದೆ. ಯುಗಾದಿಯಿಂದ ಹಿಂಗೇ."

"ವಾಯು ಇರ್ಬೇಕು."

"ನನ್ನವ್ವಂಗೂ ಹಿಂಗೇ ಆಗ್ತಿತ್ತು. ಊರೋರೆಲ್ಲ ವಾಯು ಅಂದ್ರು. ಒಲೆ ಮುಂದೆ ಕೂತಿದ್ದೋಳು ಹಂಗೇ ವಾಲಿದ್ಲು. ನಮ್ಮಕ್ಕಂಗೂ ವಾಯು ಅಂದ್ರು. ಅವಳೂ ಹಂಗೇ ಹೋದ್ಲು. ನಮ್ಮನೇಲಿ ವಾಯು ಹೆಂಗಸ್ರನ್ನೇ ಹುಡುಕ್ಕೊಂಡು ಬರ್ತದಾ? ನನ್ನನ್ನ ಡಾಕ್ಟ್ರ ತಾವ ಕರ್ಕೊಂಡು ಹೋಗು."

ಆಗ ಹಾರ್ಟಿನ ಕಾಯಿಲೆ ಅಂದರೆ ಅಮಲ್ದಾರರಿಗೆ, ಮಂಡಿ ಸಾಹುಕಾರರಿಗೆ, ಕೂತು ತುಪ್ಪ ತಿನ್ನುವವರಿಗೆ ಬರುವ ಗೌರವದ ಕಾಯಿಲೆ. ಸೊಪ್ಪು ಹೊರುವ ಹೆಂಗಸರ ಪಾಲಿಗೆ ಇದ್ದದ್ದು ವಾಯು, ನಿಶ್ಶಕ್ತಿ, ದೃಷ್ಟಿ. ನಾನೂ ಹಾಗೇ ನಂಬಿದ್ದೆ. ಆದರೂ ದೊಡ್ಡಮ್ಮ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನುವ ಹಾಗಿರಲಿಲ್ಲ.

ಯಾವಾಗ ಹೋಗುವುದು ಅನ್ನುವುದನ್ನು ಹುಳು ತೀರ್ಮಾನ ಮಾಡಿತು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದನ್ನು ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಜ್ವರಕ್ಕೆ ಕೂತಾಗ ಅದು ಸೊಪ್ಪು ಮುಟ್ಟುವುದಿಲ್ಲ. ರೇಷ್ಮೆ ಮನೆಯವರು ಮದುವೆ, ಮುಂಜಿ, ಕಾಯಿಲೆ ಎಲ್ಲವನ್ನೂ ಆ ಬಿಡುವಿಗೇ ಇಟ್ಟುಕೊಳ್ಳಬೇಕು. ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ಸೊಸೆಯನ್ನು ಕಾವಲಿಗೆ ಬಿಟ್ಟು ನಾವಿಬ್ಬರೂ ಶಿಡ್ಲಘಟ್ಟದ ಡಾಕ್ಟರ ಶಾಪಿಗೆ ಹೋದೆವು.

ಶಾಪಿನಲ್ಲಿ ಒಂದು ಪದ್ಧತಿ. ಡಾಕ್ಟರ ಮೇಜಿನ ಪಕ್ಕ ಒಂದು ಸ್ಟೂಲು, ಎದುರಿಗೆ ಒಂದು ಕುರ್ಚಿ. ಸ್ಟೂಲಿನ ಮೇಲೆ ಕಾಯಿಲೆಯ ಹೆಂಗಸು, ಕುರ್ಚಿಯಲ್ಲಿ ಅವಳ ಕಡೆಯ ಗಂಡಸು. ಡಾಕ್ಟರು ಹೆಂಗಸಿನ ನಾಡಿ ಹಿಡಿದುಕೊಂಡು ಗಂಡಸಿನ ಮುಖ ನೋಡಿ ಪ್ರಶ್ನೆ ಕೇಳುವುದು. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ನನಗಂತೂ ಎಲ್ಲಾ ಪರಿಚಯದ ವ್ಯವಹಾರದ ಹಾಗೇ ಕಂಡಿತು. ಮಾಲು ಪಕ್ಕದಲ್ಲಿ, ಮಾತು ನನ್ನದು.

"ಯಾವಾಗಿಂದ?" ಅಂದರು ಡಾಕ್ಟರು.

"ಮೊನ್ನೆಯಿಂದ" ಅಂದೆ.

ದೊಡ್ಡಮ್ಮ ನನ್ನ ಕಡೆ ತಿರುಗಿದಳು. ನಾನು ಕಣ್ಣಲ್ಲೇ ಸುಮ್ಮನಿರು ಅಂದೆ.

"ಊಟ?"

"ಮುದ್ದೆ ಮುರಿದ್ರೆ ನಾವ್ಯಾರೂ ಅವಳ ಸಮಕ್ಕಿಲ್ಲ ಸ್ವಾಮಿ."

"ಬೆವರು?"

"ಗೇಯೋರು ಬೆವರ್ದೆ ಇರ್ತಾರಾ?"

"ನೋವು ಜೋರೋ?"

"ಅಂಥಾದ್ದೇನಿಲ್ಲ ಬಿಡಿ. ಗಟ್ಟಿ ಜೀವ."

ಮಾಲಿಗೆ ಹುಳುಕು ಹೇಳಿಕೊಳ್ಳುವ ಅಭ್ಯಾಸವೇ ನನಗಿಲ್ಲ, ಏನು ಮಾಡಲಿ? ಡಾಕ್ಟರು ತಾನೇ ಏನು ಮಾಡುತ್ತಾರೆ? "ಗ್ಯಾಸು" ಅಂದರು. ಕಾಂಪೌಂಡರು ಗುಲಾಬಿ ಬಣ್ಣದ ಮಿಕ್ಸ್ಚರನ್ನು ಸೀಸೆಗೆ ಸುರಿದು, ಪಕ್ಕಕ್ಕೆ ಕಾಗದದ ಪಟ್ಟಿ ಅಂಟಿಸಿ, ಒಂದು ಹೊತ್ತಿಗೆ ಇಷ್ಟು ಅಂತ ಗುರುತು ತೋರಿಸಿ ಕೊಟ್ಟ.

ಹೊರಗೆ ಬಂದ ಮೇಲೆ ದೊಡ್ಡಮ್ಮ ಕೇಳಿದಳು: "ನೋವು ನಂದೋ ನಿಂದೋ?"

"ನಿಂದೇ ದೊಡ್ಡಮ್ಮ."

"ಮತ್ತೆ ಮೊನ್ನೆಯಿಂದ ಅಂದ್ಯಲ್ಲೋ, ಮನೆಹಾಳ!"

ಮುಂದಿನ ವಾರ ಹೋದಾಗ ಹುಳುಗಳು ಹಣ್ಣಾಗಿದ್ದವು. ಬಾಯಿಂದ ಎಳೆ ಬಿಡಲು ಶುರು ಮಾಡಿದ ಹುಳುಗಳನ್ನು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಯ ಮೇಲೆ ಆರಿಸಿ ಆರಿಸಿ ಬಿಡುತ್ತಿದ್ದಳು ಸೊಸೆ. ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು. ಔಷಧಿ ಹೇಗಿದೆ ಅಂದೆ.

"ತೇಗು ಚೆನ್ನಾಗಿ ಬತ್ತದಪ್ಪ. ತೇಗ್ಕೊಂಡು ತೇಗ್ಕೊಂಡೇ ಸಾಯ್ತೀನಿ ಅಷ್ಟೇ."

ಹುಳು ಗೂಡು ಕಟ್ಟುವ ನಾಲ್ಕಾರು ದಿನ ಮತ್ತೆ ಬಿಡುವು. ಶಿಡ್ಲಘಟ್ಟದ ಡಾಕ್ಟರು ಸರಿಯಿಲ್ಲ, ದೊಡ್ಡ ಡಾಕ್ಟರಿಗೆ ತೋರಿಸೋಣ ಅಂತ ಈ ಸಲ ಚಿಂತಾಮಣಿಗೆ ಕರೆದುಕೊಂಡು ಹೋದೆ. ಬೆಲೆ ಕುದುರದಿದ್ದರೆ ಗಿರಾಕಿಯನ್ನು ಬದಲಾಯಿಸುವುದು ನಮ್ಮ ರೂಢಿ. ದಲ್ಲಾಳಿಯನ್ನು ಬದಲಾಯಿಸಬೇಕು ಅಂತ ಯಾವ ದಲ್ಲಾಳಿಗೆ ತಾನೇ ಹೊಳೆಯುತ್ತದೆ?

ಚಿಂತಾಮಣಿಯ ಡಾಕ್ಟರು ಹೆಸರುವಾಸಿ. ಶಾಪಿನ ತುಂಬ ಕನ್ನಡ, ತೆಲುಗು, ಉರ್ದು ಮೂರರಲ್ಲೂ ನರಳುವವರು. ಅಲ್ಲಿಯೂ ಅದೇ ಸ್ಟೂಲು, ಅದೇ ಕುರ್ಚಿ. ಈ ಸಲ ನಾನು ಹುಷಾರಾಗಿ "ಹೋದ ವಾರದಿಂದ" ಅಂದೆ. ದೊಡ್ಡಮ್ಮ ಬಾಯಿ ಹಾಕಿದಳು.

"ಅದಲ್ಲ ಡಾಕ್ಟ್ರೇ, ನಂಗೆ ಏರು ಹತ್ತುವಾಗ..."

ಡಾಕ್ಟರು ಕೈ ಎತ್ತಿದರು. "ತಾಳಮ್ಮ, ನಿಮ್ಮ ಮಗ ಹೇಳ್ತಾ ಇದ್ದಾರಲ್ಲ." ಆಮೇಲೆ ಕೊಳವೆಯನ್ನು ದೊಡ್ಡಮ್ಮನ ಸೆರಗು, ಅದರ ಮೇಲಿನ ಹಚ್ಚಡ ಎಲ್ಲದರ ಮೇಲೂ ಇಟ್ಟು ಒಂದು ಗಳಿಗೆ ಕೇಳಿದರು. ಅಷ್ಟು ಬಟ್ಟೆಯ ಮೇಲೆ ಕೇಳಿದರೆ ಒಳಗೆ ಗಡಿಯಾರದ ಗಂಟೆ ಹೊಡೆದರೂ ಕೇಳಿಸುತ್ತಿರಲಿಲ್ಲ.

"ಹಾರ್ಟ್ ಏನಾದ್ರೂ..." ಅಂದೆ, ದೊಡ್ಡಮ್ಮನ ಮುಖ ನೋಡಿ.

ಡಾಕ್ಟರು ನಕ್ಕರು. "ಅದೆಲ್ಲ ಗಂಡಸರ ಕಾಯಿಲೆ ಕಣ್ರೀ. ಹೆಂಗಸರಿಗೆ ಈ ವಯಸ್ಸಿನಲ್ಲಿ ಮನಸ್ಸು ಹಾಗೆಲ್ಲ ಆಡಿಸುತ್ತೆ. ಸೊಸೆ ಜೊತೆ ಜಗಳ ಇದೆಯಾ?"

"ಉಂಟು" ಅಂದೆ. ಯಾವ ಮನೆಯಲ್ಲಿ ಇಲ್ಲ?

"ಅದೇ ಮತ್ತೆ. ಹರಿಕಥೆಗೆ ಕರ್ಕೊಂಡು ಹೋಗಿ."

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. "ಓಡು ದೊಡ್ಡಮ್ಮ!" ಅಂತ ಕೂಗಿ ನಾನು ಓಡಿದೆ. ಕಂಬಿ ಹಿಡಿದು ಹಿಂದೆ ನೋಡಿದರೆ ಅವಳಿಲ್ಲ. ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಕಂಡಕ್ಟರು ಬೈಯುತ್ತಿದ್ದ ಹಾಗೇ ಧುಮುಕಿ ವಾಪಸ್ಸು ಬಂದೆ.

ರೋಗ ತಗುಲಿದ ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಬಂದು ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ. ಅದನ್ನು ನೋಡಿದ ಕೂಡಲೇ ನಮಗೆ ಗೊತ್ತಾಗುತ್ತದೆ, ಯಾರೂ ಹೇಳಬೇಕಾಗಿಲ್ಲ. ದೊಡ್ಡಮ್ಮ ಹಾಗೆ ಕೂತಿದ್ದಳು. ಮುಖ ಬೂದಿ. ಕುತ್ತಿಗೆಯಲ್ಲಿ ತಣ್ಣನೆ ಬೆವರು. ಅಂಗಡಿಯಿಂದ ಸೋಡಾ ತಂದೆ; ಬೇಡ ಅಂತ ಕೈಯಾಡಿಸಿದಳು. ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲಿರಬೇಕು.

ಕೊನೆಗೆ ಅವಳೇ ಮಾತಾಡಿದಳು. "ಇದು ಮನಸ್ಸಲ್ಲ ಕಣಪ್ಪ. ಸೊಸೆ ಜಗಳ ದವಡೆಗೆ ಬರ್ತದೇನೋ?"

"ಇಲ್ಲ ದೊಡ್ಡಮ್ಮ."

"ನಾಡಿದ್ದು ಗೂಡು ಬಿಡಿಸ್ತೀವಿ. ನಾನೂ ಬುಟ್ಟಿ ಜೊತೆ ಪೇಟೆಗೆ ಬರ್ತೀನಿ. ಅಲ್ಲಿಂದ ಆ ಗ್ಯಾಸಿನ ಡಾಕ್ಟ್ರ ತಾವ ಹೋಗಣ. ಮಾತು ನಂದು. ನೀನು ತುಟಿ ಬಿಚ್ಚಿದ್ಯೋ, ಮುಂದಿನ ಬೆಳೆಯಿಂದ ನನ್ನ ಗೂಡು ಬೇರೆ ದಲ್ಲಾಳಿಗೆ."

ನನ್ನ ಹೊಟ್ಟೆಪಾಡಿಗೇ ಬಂತು ಮಾತು. ಒಪ್ಪಿದೆ. ಹೆದರಿ ಒಪ್ಪಿದೆ ಅಂತ ಅವಳು ಊರಲ್ಲೆಲ್ಲ ಹೇಳಿದಳು. ಕಲ್ಲಿನ ಮೇಲೆ ಕೂತ ಆ ಮುಖ ನೋಡಿಯೇ ಒಪ್ಪಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ಆ ದಿನ ಗೂಡು ಕೊಟ್ಟು, ಖಾಲಿ ಬುಟ್ಟಿಯನ್ನು ನಾನು ತಲೆಯ ಮೇಲೆ ಇಟ್ಟುಕೊಂಡು, ಇಬ್ಬರೂ ಶಾಪಿಗೆ ಹೋದೆವು. ಹೆಸರು ಕೂಗಿದರು. ದೊಡ್ಡಮ್ಮ ಒಳಗೆ ಹೋದವಳೇ ನೆಟ್ಟಗೆ ಕುರ್ಚಿಯಲ್ಲಿ ಕೂತುಬಿಟ್ಟಳು. ಉಳಿದದ್ದು ಸ್ಟೂಲು. ನಿಂತುಕೊಳ್ಳುವುದೋ ಕೂರುವುದೋ ತಿಳಿಯದೆ ನಾನು ಸ್ಟೂಲಿನ ಮೇಲೆ ಕೂತೆ, ಬುಟ್ಟಿ ತೊಡೆಯ ಮೇಲೆ.

ಡಾಕ್ಟರು ತಲೆ ತಗ್ಗಿಸಿ ಏನೋ ಬರೆಯುತ್ತಿದ್ದವರು, ಅಭ್ಯಾಸಬಲದಿಂದ ಕೈ ಚಾಚಿ ನನ್ನ ನಾಡಿ ಹಿಡಿದರು. ಬಿಡಿಸಿಕೊಳ್ಳುವ ಧೈರ್ಯವಾಗಲಿಲ್ಲ, ತುಟಿ ಬಿಚ್ಚುವ ಹಾಗಂತೂ ಇರಲೇ ಇಲ್ಲ.

"ಸ್ವಲ್ಪ ಜೋರಾಗಿ ಓಡ್ತಾ ಇದೆ" ಅಂದರು ಡಾಕ್ಟರು.

"ಓಡ್ಲಿ ಬಿಡಿ ಸ್ವಾಮಿ, ಅವನಿಗೇನೂ ಆಗಿಲ್ಲ" ಅಂದಳು ದೊಡ್ಡಮ್ಮ. "ಕಾಯಿಲೆ ನಂಗೆ."

ಡಾಕ್ಟರು ತಲೆ ಎತ್ತಿದರು. ನನ್ನ ಮೀಸೆ ನೋಡಿದರು, ತಾವು ಹಿಡಿದ ಕೈ ನೋಡಿದರು, ಬಿಟ್ಟರು. "ಹೋದ ಸಲ ಮಿಕ್ಸ್ಚರ್ ಕೊಟ್ಟಿದ್ದೆ, ಅಲ್ವಾ? ಗ್ಯಾಸು..." ಅಂತ ನನ್ನ ಕಡೆಯೇ ತಿರುಗಿದರು.

"ಅವನನ್ನ ಕೇಳ್ಬ್ಯಾಡಿ. ಅವನು ಮಾರಾಟ ಮಾಡೋನು, ಒಳ್ಳೇದೇ ಹೇಳ್ತಾನೆ. ನೀವು ಹೋದ ಸಲ ಬುಟ್ಟಿ ಮೇಲಿನ ಗೂಡು ನೋಡಿ ಬೆಲೆ ಕಟ್ಟಿದ್ರಿ ಸ್ವಾಮಿ. ಪೇಟೇಲಿ ಯಾವ ಸಾಬ್ರೂ ಹಂಗೆ ಮಾಡಲ್ಲ. ತಳಕ್ಕೆ ಕೈ ಹಾಕಿ ತೆಗೀತಾರೆ. ನೀವೂ ವಸಿ ತಳಕ್ಕೆ ಕೈ ಹಾಕಿ."

ಶಾಪಿನ ಹೊರಗೆ ಬೆಂಚಿನ ಮೇಲಿದ್ದವರು ಎದ್ದು ಬಾಗಿಲಿಗೆ ಬಂದರು. ಡಾಕ್ಟರು ಬೈಯುತ್ತಾರೆ ಅಂತ ನಾನು ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

"ಹೇಳಿ, ಅಮ್ಮಾ."

ಅವಳು ಹೇಳಿದಳು. ಒರಳುಕಲ್ಲು, ದವಡೆ, ಎಡಗೈ. ಕುಕ್ಕೆ ಹೊತ್ತರೆ ಬರುವುದು, ನಿಂತರೆ ಹೋಗುವುದು. ಊಟ ಮಾಡಿ ನಡೆದರೆ ಇನ್ನೂ ಬೇಗ ಬರುವುದು. ಚಿಂತಾಮಣಿಯ ಬಸ್ಸು. ಅವ್ವ, ಅಕ್ಕ. ಹೇಳುತ್ತ ಎದೆಯ ಮೇಲೆ ಮುಷ್ಟಿ ಕಟ್ಟಿ ಒತ್ತಿ ತೋರಿಸಿದಳು. ಆ ಮುಷ್ಟಿಯನ್ನು ನೋಡಿದಾಗ ಡಾಕ್ಟರ ಮುಖ ಬದಲಾಯಿತು.

"ಯಾವಾಗಿಂದಮ್ಮ?"

"ಯುಗಾದಿಯಿಂದ."

"ಇವರು ಮೊನ್ನೆಯಿಂದ ಅಂದಿದ್ರಲ್ಲ?"

ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಲಕ್ಷ್ಮಿಯನ್ನು ನೋಡಿದೆ.

ಅವರು ಎದ್ದು ಬಂದು, ಕಾಂಪೌಂಡರ ಹೆಂಡತಿಯನ್ನು ಕರೆಸಿ, ಪರದೆ ಎಳೆಸಿ, ಈ ಸಲ ಹಚ್ಚಡ ತೆಗೆಸಿ ಕೊಳವೆ ಇಟ್ಟರು. ತೋಳಿಗೆ ಪಟ್ಟಿ ಸುತ್ತಿ ಪಾದರಸ ಏರಿಸಿ ನೋಡಿದರು. ಹೊರಗೆ ಬಂದು ಅವಳಿಗೇ ಹೇಳಿದರು, ನನಗಲ್ಲ: "ಅಮ್ಮಾ, ಇದು ಗ್ಯಾಸಲ್ಲ. ಹೃದಯದ್ದೇ ಅಂತ ನನ್ನ ಅನುಮಾನ. ನೋಡೋ ಮಿಷನ್ ಇಲ್ಲಿಲ್ಲ. ಬೆಂಗಳೂರಿಗೆ ಹೋಗಿ, ನಾಳೆನೇ. ನೀವು ಹೋದ ಸಲನೇ ಹೇಳಬೇಕಾಗಿತ್ತು."

"ಕುರ್ಚಿ ಖಾಲಿ ಇರ್ಲಿಲ್ಲ ಸ್ವಾಮಿ" ಅಂದಳು ದೊಡ್ಡಮ್ಮ.

ಮರುದಿನ ಬೆಂಗಳೂರಿಗೆ ನ್ಯಾರೋಗೇಜಿನ ಸಣ್ಣ ರೈಲು ಹತ್ತಿದೆವು. ಆ ರೈಲು ನಂದಿ ಬೆಟ್ಟವನ್ನು ಎಡಕ್ಕೂ ಬಲಕ್ಕೂ ಸಾಕಷ್ಟು ಹೊತ್ತು ತೋರಿಸಿಕೊಂಡು ಹೋಗುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಇಳಿದು ಕಾಫಿ ಕುಡಿದು, ಲೋಟ ವಾಪಸ್ಸು ಕೊಟ್ಟು, ನಡೆದುಕೊಂಡೇ ಬಂದು ಹತ್ತಬಹುದಿತ್ತು. ದೊಡ್ಡಮ್ಮನನ್ನು ಓಡಿಸದ ರೈಲು ಅದೊಂದೇ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನನ್ನನ್ನು ಪರದೆಯ ಆಚೆಯೇ ನಿಲ್ಲಿಸಿದರು. ಒಳಗಿನಿಂದ ದೊಡ್ಡಮ್ಮನ ದನಿ ಮಾತ್ರ ಕೇಳುತ್ತಿತ್ತು. ಕೈಕಾಲಿಗೆಲ್ಲ ತಗಡು ಕಟ್ಟಿ, ತಂತಿ ಸೇರಿಸಿದ್ದರಂತೆ. ಮಿಷನ್ನಿನಿಂದ ಗೆರೆ ಬಿದ್ದ ಕಾಗದ ಉದ್ದಕ್ಕೆ ಹೊರಗೆ ಬರತೊಡಗಿದಾಗ, "ಏನಮ್ಮಾ ಇದು, ನನ್ನ ಎದೆಯಿಂದ ಎಳೆ ತೆಗೀತಾ ಇದೀರಾ?" ಅಂತ ನರ್ಸನ್ನು ಕೇಳಿದಳು. "ಮಾತಾಡಬೇಡಿ, ಗೆರೆ ಕೆಡುತ್ತೆ" ಅಂತ ನರ್ಸು ಗದರಿಸಿದರು. "ನೋಡಿ, ಎಲ್ಲಿ ಹೋದ್ರೂ ಮಾತಾಡ್ಬ್ಯಾಡ ಅಂತಾರೆ" ಅಂದಳು. ಕಾಗದವನ್ನು ಇನ್ನೊಮ್ಮೆ ತೆಗೆಯಬೇಕಾಯಿತು.

ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು. ಹೃದಯಕ್ಕೆ ರಕ್ತ ಕೊಡುವ ನಾಳ ಸಣ್ಣದಾಗಿದೆ. ತಾಯಿ, ಅಕ್ಕ ಹೋದದ್ದೂ ಬಹುಶಃ ಇದರಿಂದಲೇ. ನೋವು ಬಂದ ಕೂಡಲೇ ಕೂತು, ನಾಲಿಗೆಯ ಕೆಳಗೆ ಒಂದು ಮಾತ್ರೆ. ಭಾರ ಹೊತ್ತು ಏರು ಹತ್ತುವ ಹಾಗಿಲ್ಲ. ಎಲೆ ಅಡಿಕೆ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪು ಪೂರ್ತಿ ಬಿಡಬೇಕು.

ಮಾತ್ರೆಗೆ ಒಪ್ಪಿದಳು, ಭಾರಕ್ಕೆ ಒಪ್ಪಿದಳು. ಹೊಗೆಸೊಪ್ಪು ಅಂದ ಕೂಡಲೇ ಪರದೆ ಸರಿಸಿ ನನ್ನನ್ನು ಕೂಗಿದಳು: "ಏಯ್, ಒಳಗೆ ಬಾರೋ. ಇದನ್ನ ನೀನು ಮಾತಾಡು."

ದಿನವೆಲ್ಲ ಕಟ್ಟಿಟ್ಟುಕೊಂಡಿದ್ದ ಮಾತನ್ನೆಲ್ಲ ಬಿಚ್ಚಿದೆ. ಊಟದ ಮೇಲೆ ಒಂದೇ ಒಂದು ಚೂರು, ಹಬ್ಬಕ್ಕೆ ಮಾತ್ರ, ಬರೀ ವಾಸನೆಗೆ. ಇಪ್ಪತ್ತು ಪೇಟೆ ಗೆದ್ದ ನನ್ನ ಬಾಯಿ ಅಲ್ಲಿ ಒಂದು ಎಲೆಯಷ್ಟೂ ಗೆಲ್ಲಲಿಲ್ಲ. ಡಾಕ್ಟರು ಬೆರಳು ಕೊಡಲೇ ಇಲ್ಲ. ಹೊರಗೆ ಬಂದು ಹೊಗೆಸೊಪ್ಪಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ದೊಡ್ಡಮ್ಮ ಹೇಳಿದಳು: "ದಂಡ ಕಣೋ ನೀನು. ಇದಕ್ಕಾ ನಿನ್ನನ್ನ ಇಷ್ಟು ದೂರ ಕರ್ಕೊಂಡು ಬಂದಿದ್ದು?" ಡಬ್ಬಿ ಖಾಲಿ ಮಾಡಿ, ಮಾತ್ರೆಯ ಸಣ್ಣ ಸೀಸೆ ಅದರಲ್ಲಿಟ್ಟು ಅವಳಿಗೇ ವಾಪಸ್ಸು ಕೊಟ್ಟೆ. ಮೊದಲ ಮಾತ್ರೆ ಇಟ್ಟ ದಿನ, "ತಲೆ ಸಿಡೀತದೆ, ಎದೆ ಬಿಡ್ತದೆ. ಪರವಾಗಿಲ್ಲ, ವ್ಯಾಪಾರ ಸರಿಯಾಗೇ ಇದೆ" ಅಂದಳು. ಅದು ಕರಗುವ ತನಕ ಬಾಯಿ ತೆರೆಯುವ ಹಾಗಿಲ್ಲ. ಸೊಸೆ ಆ ಡಾಕ್ಟರಿಗೆ ಮನೆಯಲ್ಲೇ ಕೈ ಮುಗಿಯುತ್ತಿದ್ದಳು.

ಮುಂದಿನ ಬೆಳೆಗೆ ಹುಳು ಕಡಿಮೆ ಹಿಡಿದಳು. ಸೊಪ್ಪು ಹೊರಲು ಆಳು ಇಟ್ಟಳು. ಗೂಡು ಪೇಟೆಗೆ ಬಂತು, ಹಿಂದೆಯೇ ದೊಡ್ಡಮ್ಮನೂ ಬಂದಳು. ಅವಳ ಖಾಯಂ ಗಿರಾಕಿ ಸಾಹೇಬರು ಬುಟ್ಟಿಯ ತಳಕ್ಕೆ ಕೈ ಹಾಕಿ ನೋಡಿ, ಖುಷಿಯಿಂದ ಟವಲು ಬಿಚ್ಚಿ ನನ್ನ ಕಡೆ ಚಾಚಿದರು. ನಾನು ಕೈ ನೀಡುವ ಮೊದಲೇ ದೊಡ್ಡಮ್ಮ ಟವಲಿನ ಒಂದು ತುದಿ ಹಿಡಿದು ಎಳೆದಳು.

"ತೋಬಾ ತೋಬಾ! ಅಮ್ಮಾ, ಹೆಂಗಸ್ರು ಕೈ ಹಿಡೀಬಾರ್ದು!" ಅಂತ ಸಾಹೇಬರು ಹಿಂದೆ ಸರಿದರು.

"ನಿಮ್ಮ ಕೈ ಯಾರಿಗೆ ಬೇಕು ಸಾಬ್ರೇ? ಟವಲ್ ತೆಗೀರಿ. ಬೆಲೆ ಬಾಯಲ್ಲಿ ಹೇಳಿ. ನಂಗೂ ಬಾಯಿದೆ, ನಾನೂ ಹೇಳ್ತೀನಿ."

"ಹಂಗೆಲ್ಲ ಪದ್ಧತಿ ಇಲ್ಲಮ್ಮಾ..."

"ಗ್ಯಾಸು ಅನ್ನೋದೂ ಪದ್ಧತಿನೇ ಆಗಿತ್ತು."

ಸಾಹೇಬರಿಗೆ ಇದು ಅರ್ಥವಾಗಲಿಲ್ಲ. ನನಗೆ ಆಯಿತು. ಅಕ್ಕಪಕ್ಕದ ಬುಟ್ಟಿಯವರೆಲ್ಲ ಕತ್ತು ಉದ್ದ ಮಾಡಿದರು. ಸಾಹೇಬರು ಗಂಟಲು ಸರಿ ಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ, ಪೇಟೆಗೆಲ್ಲ ಕೇಳುವ ಹಾಗೆ ಬೆಲೆ ಹೇಳಿದರು. ದೊಡ್ಡಮ್ಮ ಅದಕ್ಕಿಂತ ಗಟ್ಟಿಯಾಗಿ ತನ್ನದು ಹೇಳಿದಳು. ನಾನು ತರುತ್ತಿದ್ದದ್ದಕ್ಕಿಂತ ಹೆಚ್ಚೇ ಬಂತು ಅಂತ ಅವಳು ಹೇಳುತ್ತಾಳೆ. ಆ ವಿಷಯ ಇಲ್ಲಿ ಬೇಡ. ಸರ್ಕಾರದವರು ಬಹಿರಂಗ ಹರಾಜು ತಂದದ್ದು ಆಮೇಲೆ.

ಆಮೇಲಾಮೇಲೆ ಊರಿನ ಹೆಂಗಸರು ಡಾಕ್ಟರ ಹತ್ತಿರ ಹೋಗುವುದಾದರೆ ದೊಡ್ಡಮ್ಮನನ್ನು ಕರೆಯತೊಡಗಿದರು. ಅವಳು ಒಳಗೆ ಹೋಗಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, "ನಾನು ಹೇಳಲ್ಲಮ್ಮ, ನೀನೇ ಹೇಳು" ಅಂದು ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದಳು.

ದೊಡ್ಡಮ್ಮ ಟವಲು ಎಳೆದ ಆ ದಿನ ಪೇಟೆಯಿಂದ ಊರಿಗೆ ವಾಪಸ್ಸಾಗುವಾಗ ಖಾಲಿ ಬುಟ್ಟಿಗಳನ್ನೆಲ್ಲ ನಾನೇ ಹೊತ್ತಿದ್ದೆ. ತಲೆಗೆ ಸಿಂಬಿ ಮಾಡಿಕೊಳ್ಳಲು ಕೆಲಸವಿಲ್ಲದ ನನ್ನ ಟವಲು ಸರಿಯಾಯಿತು. ಬೇವಿನ ಮರದ ಏರಿನಲ್ಲಿ ದೊಡ್ಡಮ್ಮ ನಿಂತಳು, ಡಬ್ಬಿ ತೆಗೆದು ಮಾತ್ರೆ ಇಟ್ಟುಕೊಂಡಳು. ನಾನೂ ನಿಂತೆ. ಎದುರಿಗೆ ಬಂದ ಊರಿನವನೊಬ್ಬ, "ಯಾಕಪ್ಪಾ ನಿಂತ್ಬಿಟ್ರಿ, ದೊಡ್ಡಮ್ಮಂಗೆ ಏನಾಯ್ತು?" ಅಂತ ನನ್ನನ್ನೇ ಕೇಳಿದ.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ತಡ್ಕೊಳ್ಳಪ್ಪ" ಅಂದೆ. "ಅವಳ ಬಾಯಲ್ಲಿ ಮಾತ್ರೆ ಇದೆ. ಕರಗಿದ ಮೇಲೆ ಅವಳೇ ಹೇಳ್ತಾಳೆ."